ಮಲಗಿಸುವುದು ಸುಲಭ, ಎಬ್ಬಿಸುವುದೇ ಕಷ್ಟ

2020ರ ಅಕ್ಟೋಬರ್ 12, ಸೋಮವಾರ. ಮುಂಬಯಿಯಲ್ಲಿದ್ದವರು ಆ ದಿನವನ್ನು ಮರೆತಿರಲಾರರು. ಬೆಳಿಗ್ಗೆ ಹತ್ತರ ಸುಮಾರಿಗೆ ನಗರದ ಕರೆಂಟು ಒಮ್ಮೆಗೇ ಹೋಯಿತು. ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. ಕರೆಂಟು ಹೋಗುವುದೆಲ್ಲ ಊರಿನ ಕತೆ, ಮುಂಬಯಿಯದಲ್ಲ ಎಂದು ನಂಬಿಕೊಂಡೇ ಬೆಳೆದವರು ನಾವು. ವಡಾಲದ ನಮ್ಮ ಕಟ್ಟಡದಲ್ಲಿ ಇನ್ವರ್ಟರ್ ಇಟ್ಟುಕೊಂಡವರು ಒಬ್ಬರೂ ಇರಲಿಲ್ಲ.

ನನಗೆ ಅಂದು ವರ್ಕ್ ಫ್ರಮ್ ಹೋಮ್. ಆಫೀಸಿನ ಲ್ಯಾಪ್‌ಟಾಪಿನ ಬ್ಯಾಟರಿ ಗಟ್ಟಿಯಾಗಿತ್ತು, ಹಾಗಾಗಿ ಚಿಂತೆ ಇರಲಿಲ್ಲ. ಚಿಂತೆ ಶುರುವಾದದ್ದು ಮಧ್ಯಾಹ್ನ ಕರೆಂಟು ಬಂದ ಮೇಲೆ. ಅಪ್ಪ ಒಳಗಿನಿಂದ ಕರೆದರು.

"ಇದು ಎಂಥ ಆಯ್ತು ಮಾರಾಯ? ನಿನ್ನೆ ರಾತ್ರಿ ಬರೆದದ್ದು ಒಂದೂ ಕಾಣುವುದಿಲ್ಲವಲ್ಲ?"

ಅಪ್ಪ ಕುಂದಾಪುರದ ಕಡೆಯಿಂದ 1966ರಲ್ಲಿ ಬಸ್ಸಿನಲ್ಲಿ ಈ ಊರಿಗೆ ಬಂದವರು. ಮಾಟುಂಗದ ಹೋಟೆಲಿನಲ್ಲಿ ಹಗಲು ಕೆಲಸ, ರಾತ್ರಿ ಶಾಲೆಯಲ್ಲಿ ಓದು, ಆಮೇಲೆ ಬ್ಯಾಂಕಿನ ನೌಕರಿ. ಲಾಕ್‌ಡೌನ್ ಸಮಯದಲ್ಲಿ ಮನೆಯಿಂದ ಹೊರಗೆ ಹೋಗುವಂತಿರಲಿಲ್ಲ. ಅದೆಲ್ಲವನ್ನೂ ಬರೆದಿಡಬೇಕೆಂದು ಆಗ ಅವರಿಗೆ ಮನಸ್ಸಾಯಿತು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಕೊಟ್ಟಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಕನ್ನಡವಾಗುವ ಒಂದು ಪುಟವನ್ನು ಬ್ರೌಸರಿನಲ್ಲಿ ತೆರೆದು, ಅದರಲ್ಲೇ ನಾಲ್ಕಾರು ಪುಟ ಬರೆದು, ಒಂದು ಅಧ್ಯಾಯ ಮುಗಿದ ಮೇಲೆ ಕಾಪಿ ಮಾಡಿ ಫೈಲಿಗೆ ಹಾಕುವುದು ಅವರ ಕ್ರಮ. ನಡುವೆ ಎದ್ದು ಹೋಗುವಾಗ ಮುಚ್ಚಳ ಮುಚ್ಚುತ್ತಿದ್ದರು. ತೆರೆದರೆ ಎಲ್ಲವೂ ಇದ್ದ ಹಾಗೇ ಇರುತ್ತಿತ್ತು. ಅದರ ಬ್ಯಾಟರಿ ಸತ್ತು ವರ್ಷವಾಗಿದೆ ಎಂಬುದು ಅವರಿಗೂ ನನಗೂ ಮರೆತೇ ಹೋಗಿತ್ತು.

ಮುಚ್ಚಳ ಮುಚ್ಚಿದಾಗ ಆಗುತ್ತಿದ್ದದ್ದು ಬರೀ ನಿದ್ದೆ. ಪ್ರೊಸೆಸರ್, ಡಿಸ್ಕ್, ಪರದೆ ಎಲ್ಲವೂ ನಿಲ್ಲುತ್ತವೆ, ಆದರೆ ಮೆಮೊರಿಗೆ, ಎಂದರೆ ರ‍್ಯಾಮಿಗೆ, ಸಣ್ಣಗೆ ಕರೆಂಟು ಹರಿಯುತ್ತಲೇ ಇರಬೇಕು. ಆ ಹರಿವು ಕ್ಷಣ ತಪ್ಪಿದರೂ ಅದರಲ್ಲಿದ್ದದ್ದು ಅಳಿದು ಹೋಗುತ್ತದೆ. ಅಂದು ಆದದ್ದು ಅದೇ. ರಾತ್ರಿ ಶಾಲೆಯ ಮೊದಲ ದಿನದ ಆರು ಪುಟ ಹೋಯಿತು.

ಇನ್ನೊಂದು ಬಗೆಯ ನಿದ್ದೆ

ಕಂಪ್ಯೂಟರಿಗೆ ಇದಕ್ಕಿಂತ ಗಾಢವಾದ ಇನ್ನೊಂದು ನಿದ್ದೆ ಇದೆ. ಹೈಬರ್ನೇಶನ್ ಎಂದು ಕರೆಯುತ್ತಾರೆ. ರ‍್ಯಾಮಿನಲ್ಲಿ ಇರುವುದನ್ನು ಡಿಸ್ಕಿಗೆ ಬರೆದು, ಯಂತ್ರವನ್ನು ಪೂರ್ತಿ ಆರಿಸುವುದು. ಪ್ಲಗ್ ಕಿತ್ತು ಬ್ಯಾಗಿಗೆ ಹಾಕಿ ಒಂದು ತಿಂಗಳು ಊರಿಗೆ ಹೋಗಿ ಬಂದರೂ ಸರಿ, ಗುಂಡಿ ಒತ್ತಿದರೆ ಬಿಟ್ಟ ಜಾಗದಲ್ಲೇ ಎದ್ದು ಕೂರುತ್ತದೆ. ಅಪ್ಪನಿಗೆ ಬೇಕಾದದ್ದು ಇದೇ ಎಂದು ಅಂದೇ ನಿಶ್ಚಯಿಸಿದೆ.

ಹೇಳುವುದಕ್ಕೆ ಒಂದೇ ಸಾಲು. ಮಾಡುವ ಕರ್ನೆಲ್ಲಿನ ಕಷ್ಟ ಬೇರೆ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ತನ್ನ ಮೆಮೊರಿಯ ಫೋಟೊವನ್ನು ತಾನೇ ತೆಗೆಯಬೇಕು. ತೆಗೆಯುವಾಗ ಏನೂ ಅಲುಗಾಡಬಾರದು. ತೆಗೆಯುವ ಕೆಲಸ ಮಾತ್ರ ನಡೆಯಬೇಕು.

ಹೋಟೆಲಿನಲ್ಲಿ ವರ್ಷಕ್ಕೊಮ್ಮೆ ದಾಸ್ತಾನು ಲೆಕ್ಕ ಹಾಕುವುದನ್ನು ನೆನೆಸಿಕೊಳ್ಳಿ. ಗಿರಾಕಿ ಬರುತ್ತಾ, ಸಪ್ಲೈಯರ್ ತಟ್ಟೆ ಒಯ್ಯುತ್ತಾ ಇದ್ದರೆ ಲೆಕ್ಕ ಸರಿಹೋಗುವುದಿಲ್ಲ. ಮೊದಲು ಶಟರ್ ಎಳೆಯಬೇಕು. ಕರ್ನೆಲ್ ಕೂಡ ಮೊದಲು ಎಲ್ಲ ಪ್ರೋಗ್ರಾಮುಗಳನ್ನು ಇದ್ದಲ್ಲಿಯೇ ನಿಲ್ಲಿಸುತ್ತದೆ. ಇದಕ್ಕೆ ಫ್ರೀಜರ್ ಎಂದು ಹೆಸರು. ಮಾಮೂಲಾಗಿ ಇಪ್ಪತ್ತು ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಯಾವುದಾದರೂ ಒಂದು ಪ್ರೋಗ್ರಾಮು ನಿಲ್ಲದೆ ಹೋದರೆ ಇಡೀ ಪ್ರಯತ್ನವನ್ನು ಕೈಬಿಟ್ಟು ಎಲ್ಲರನ್ನೂ ಮತ್ತೆ ಕೆಲಸಕ್ಕೆ ಬಿಡುತ್ತದೆ. ನೆಟ್‌ವರ್ಕಿನ ಆಚೆಗಿನ ಫೈಲಿಗಾಗಿ ಕಾಯುತ್ತಾ ಕುಳಿತ ಪ್ರೋಗ್ರಾಮುಗಳು ಹೀಗೆ ಹಠ ಹಿಡಿಯುವುದು ಹೆಚ್ಚು.

ಎರಡನೆಯದು, ಫೋಟೊ ಇಡಲು ಮೆಮೊರಿಯಲ್ಲೇ ಜಾಗ ಮಾಡಿಕೊಳ್ಳುವುದು. ನಕಲಿಗೂ ಅಸಲಿಗೂ ಒಂದೇ ರ‍್ಯಾಮಿನಲ್ಲಿ ಜಾಗ ಬೇಕಾದ್ದರಿಂದ ನಕಲು ಸುಮಾರು ಅರ್ಧ ರ‍್ಯಾಮಿಗಿಂತ ದೊಡ್ಡದಾಗುವಂತಿಲ್ಲ. ಲಿನಕ್ಸ್ ಮಾಮೂಲಾಗಿ ಐದರಲ್ಲಿ ಎರಡು ಪಾಲಿನ ಗುರಿ ಇಟ್ಟುಕೊಂಡು, ಬೇಡದ ಸಾಮಾನನ್ನು ಹೊರಗೆ ಹಾಕುತ್ತದೆ.

ಮೂರನೆಯದು, ಪರದೆ, ಡಿಸ್ಕ್, ವೈಫೈ, ಕೀಬೋರ್ಡ್ ಎಲ್ಲದರ ಡ್ರೈವರ್‌ಗಳಿಗೂ ಸುಮ್ಮನಿರಲು ಹೇಳುವುದು. ನಾಲ್ಕನೆಯದು, ಒಂದು ಪ್ರೊಸೆಸರನ್ನು ಬಿಟ್ಟು ಉಳಿದವನ್ನೆಲ್ಲ ಆರಿಸುವುದು. ಆಗ ಆ ಒಂಟಿ ಪ್ರೊಸೆಸರ್ ಫೋಟೊ ತೆಗೆಯುತ್ತದೆ. ಫೋಟೊವನ್ನು ಬರೆಯಲು ಡಿಸ್ಕ್ ಬೇಕಲ್ಲ? ಅದಕ್ಕಾಗಿ ಈಗಷ್ಟೇ ಮಲಗಿಸಿದ ಸಾಧನಗಳನ್ನು ಮತ್ತೆ ಎಬ್ಬಿಸುತ್ತಾರೆ. ಡಿಸ್ಕಿನಲ್ಲಿ ಸ್ವಾಪ್ ಎಂಬ ಬಿಡುವಿನ ಜಾಗಕ್ಕೆ ಫೋಟೊ ಬರೆದು, ಅದರ ತಲೆಯ ಮೇಲೆ ಗುರುತಿನ ಮುದ್ರೆ ಒತ್ತಿ, ಕರೆಂಟು ಆರಿಸುತ್ತಾರೆ.

ಎಬ್ಬಿಸುವಾಗ ಇನ್ನೂ ವಿಚಿತ್ರ. ಗುಂಡಿ ಒತ್ತಿದರೆ ಏಳುವುದು ಹಳೆಯ ಕರ್ನೆಲ್ ಅಲ್ಲ, ಹೊಸದೊಂದು. ಅದು ಸ್ವಾಪಿನ ಮುದ್ರೆ ನೋಡುತ್ತದೆ. ಮುದ್ರೆ ಇದ್ದರೆ ಫೋಟೊ ಓದಿ, ಹಳೆಯದನ್ನು ಮೆಮೊರಿಯಲ್ಲಿ ಮೊದಲಿನ ಜಾಗಕ್ಕೇ ಇಟ್ಟು, ಯಜಮಾನಿಕೆ ಒಪ್ಪಿಸಿ ತಾನು ಇಲ್ಲವಾಗುತ್ತದೆ. ಹಳೆಯ ಕರ್ನೆಲ್ಲಿಗೆ ತಾನು ಮಲಗಿದ್ದೇ ಗೊತ್ತಿರುವುದಿಲ್ಲ ಎನ್ನಬಹುದು. ಫೋಟೊ ಕ್ಲಿಕ್ಕಿಸಿದ ಮರುಕ್ಷಣವೇ ಅದರ ಪಾಲಿಗೆ ಈಗ.

ನಾನು ಮಾಡಿದ ತಪ್ಪು

ಅಕ್ಟೋಬರಿನಲ್ಲಿ ಹೈಬರ್ನೇಶನ್ ಹಚ್ಚಿಕೊಟ್ಟೆ. ಹತ್ತು ಸಲ ಮಲಗಿಸಿ ಎಬ್ಬಿಸಿ ನೋಡಿದೆ, ಹತ್ತು ಸಲವೂ ಸರಿ. ಅಪ್ಪ ಹೋದ ಆರು ಪುಟವನ್ನು ಮತ್ತೆ ಬರೆದರು. "ಮೊದಲು ಬರೆದದ್ದು ಇದಕ್ಕಿಂತ ಚಂದ ಇತ್ತು" ಎಂದು ಎರಡು ಸಲ ಹೇಳಿದರು.

ದೀಪಾವಳಿ ಕಳೆದ ಮೇಲೆ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ರ‍್ಯಾಮ್ ತಂದು ಹಾಕಿದೆ. ನಾಲ್ಕು ಇದ್ದದ್ದು ಎಂಟು ಜಿಬಿ ಆಯಿತು. ರ‍್ಯಾಮ್ ಬೆಳೆದರೆ ಫೋಟೊವೂ ಬೆಳೆಯುತ್ತದೆ ಎಂದು ಸ್ವಾಪ್ ಜಾಗವನ್ನೂ ಅಳಿಸಿ ದೊಡ್ಡದಾಗಿ ಮಾಡಿದೆ. ಮಾಡಿದ್ದು ಸರಿಯೇ. ಆದರೆ ಸ್ವಾಪನ್ನು ಹೊಸದಾಗಿ ಮಾಡಿದಾಗ ಅದಕ್ಕೆ ಹೊಸ ಯುಯುಐಡಿ ಬರುತ್ತದೆ. ಅದು ಒಂದು ಉದ್ದದ ಗುರುತಿನ ಸಂಖ್ಯೆ, ಮನೆ ಬದಲಿಸಿದಾಗ ವಿಳಾಸ ಬದಲಾಗುವ ಹಾಗೆ. ಆ ವಿಳಾಸ ಎರಡು ಕಡೆ ಬರೆದಿರುತ್ತದೆ. ಸ್ವಾಪನ್ನು ದಿನಬಳಕೆಗೆ ತೆರೆಯುವ ಪಟ್ಟಿಯಲ್ಲಿ ಒಂದು, ಎಚ್ಚರವಾಗುವಾಗ ಫೋಟೊ ಎಲ್ಲಿ ಹುಡುಕಬೇಕೆಂದು ಹೇಳುವ ಕಡೆ ಇನ್ನೊಂದು. ನಾನು ಮೊದಲನೆಯದನ್ನು ತಿದ್ದಿದೆ. ಎರಡನೆಯದನ್ನು ಮರೆತೆ. ಹಿಂದೆ ಹತ್ತು ಸಲ ಸರಿ ಬಂದಿತ್ತಲ್ಲ ಎಂದು ಪರೀಕ್ಷೆಯನ್ನೂ ಮಾಡಲಿಲ್ಲ.

ಆ ರಾತ್ರಿ ಅಪ್ಪ ಎಂಟು ಪುಟ ಬರೆದು ಮಲಗಿಸಿದರು. ಫೋಟೊ ಹೊಸ ಸ್ವಾಪಿಗೆ ಸರಿಯಾಗಿಯೇ ಬರೆಯಲ್ಪಟ್ಟಿತ್ತು. ಬೆಳಿಗ್ಗೆ ಹೊಸ ಕರ್ನೆಲ್ ಹಳೆಯ ವಿಳಾಸಕ್ಕೆ ಹೋಗಿ ಅರ್ಧ ನಿಮಿಷ ಬಾಗಿಲು ತಟ್ಟಿ, ಯಾರೂ ಇಲ್ಲವೆಂದು ಮುಂದೆ ಹೋಯಿತು. ಆಮೇಲೆ ಸ್ವಾಪನ್ನು ದಿನಬಳಕೆಗೆ ತೆರೆಯುವ ಪ್ರೋಗ್ರಾಮು ಅಲ್ಲಿ ಯಾವುದೋ ಹಳೆಯ ಮುದ್ರೆ ಇದೆ ಎಂದು ನೋಡಿ, ಅದನ್ನು ಅಳಿಸಿ, ಸ್ವಾಪನ್ನು ಬಳಕೆಗೆ ತೆಗೆದುಕೊಂಡಿತು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ನಿಯಮದಂತೆಯೇ ಮಾಡಿದರು. ಎಂಟು ಪುಟ ಹೋಯಿತು.

ನನಗೆ ಹೆಚ್ಚು ನಾಚಿಕೆಯಾದದ್ದು ಒಂದಕ್ಕೆ. ಸ್ವಾಪ್ ಬದಲಿಸಿದ ಮೇಲೆ ಯಂತ್ರ ಶುರುವಾಗುವಾಗ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿದ್ದದ್ದನ್ನು ನಾನು ನೋಡಿದ್ದೆ. ಹಳೆಯ ಡಿಸ್ಕ್, ನಿಧಾನ ಇರಬಹುದು ಎಂದುಕೊಂಡಿದ್ದೆ. ಹದಿನಾಲ್ಕು ವರ್ಷ ಸಾಫ್ಟ್‌ವೇರಿನಲ್ಲಿ ದುಡಿದವನು ನಾನು. ಬೇರೆಯವರು ಹಾಗೆ ಮಾಡಿದ್ದರೆ ಮೀಟಿಂಗಿನಲ್ಲಿ ನಾಲ್ಕು ಮಾತು ಹೇಳುತ್ತಿದ್ದೆ.

ಅಪ್ಪ ಬೈಯಲಿಲ್ಲ. "ಇನ್ನು ನಾನು ನೋಟ್‌ಬುಕ್ಕಿನಲ್ಲೇ ಬರೆಯುತ್ತೇನೆ, ನೀನು ತಲೆಬಿಸಿ ಮಾಡಬೇಡ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಕತ್ತಲೆಯಲ್ಲಿ ಹುಡುಕುವುದು

ವಿಳಾಸ ತಿದ್ದಿ, ಆರಂಭದ ಹಂತದ ಚಿಕ್ಕ ವ್ಯವಸ್ಥೆಯನ್ನು ಮತ್ತೆ ಕಟ್ಟಿದ ಮೇಲೆ ಕೆಲವು ತಿಂಗಳು ತೊಂದರೆ ಇರಲಿಲ್ಲ. ಅಪ್ಪ ನೋಟ್‌ಬುಕ್ಕಿನಿಂದ ಮೆಲ್ಲಗೆ ಲ್ಯಾಪ್‌ಟಾಪಿಗೆ ಮರಳಿದರು. 2021ರ ಮಳೆಗಾಲದಲ್ಲಿ ಒಂದು ಭಾನುವಾರ ಕರ್ನೆಲ್ ಅಪ್‌ಡೇಟ್ ಬಂತು. ಈ ಸಲ ಬುದ್ಧಿ ಬಂದಿತ್ತು, ಅಪ್ಪನಿಗೆ ಕೊಡುವ ಮೊದಲೇ ಮಲಗಿಸಿ ನೋಡಿದೆ. ಎದ್ದ ಹಾಗಾಗಿ ಪರದೆ ಕಪ್ಪಾಗಿ ನಿಂತಿತು. ಫ್ಯಾನ್ ತಿರುಗುತ್ತಿದೆ, ಬೇರೆ ಏನೂ ಇಲ್ಲ.

ನಿದ್ದೆಯ ದೋಷಗಳನ್ನು ಹುಡುಕುವುದು ಬೇರೆ ದೋಷಗಳಿಗಿಂತ ಕಷ್ಟ. ತಪ್ಪು ನಡೆಯುವ ಹೊತ್ತಿಗೆ ಪರದೆ ಆರಿರುತ್ತದೆ, ಡಿಸ್ಕ್ ಮಲಗಿರುತ್ತದೆ. ಏನಾಯಿತೆಂದು ಬರೆದಿಡಲು ಜಾಗವೇ ಇಲ್ಲ. ಲಿನಕ್ಸಿನವರು ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಒಂದು ನನಗೆ ಬಹಳ ಇಷ್ಟ. ಎಲ್ಲ ಆರಿದರೂ ಆರದಿರುವುದು ಗೋಡೆ ಗಡಿಯಾರದಂಥ ಒಂದು ಚಿಕ್ಕ ಚಿಪ್, ದಿನಾಂಕ ಸಮಯ ನೋಡಿಕೊಳ್ಳುವುದು. ಎಲ್ಲಿಯವರೆಗೆ ಬಂದೆ ಎಂಬ ಗುರುತನ್ನು ಆ ಗಡಿಯಾರದೊಳಗೇ ಸಮಯದ ಬದಲು ಬರೆದುಬಿಡುವುದು! ಮತ್ತೆ ಶುರುಮಾಡಿದಾಗ ದಿನಾಂಕ ಯಾವುದೋ ವರ್ಷ ತೋರಿಸುತ್ತದೆ, ಆದರೆ ಯಾವ ಸಾಧನದ ಬಳಿ ಸಿಕ್ಕಿಬಿದ್ದಿತೆಂದು ಕರ್ನೆಲ್ ಅದರಿಂದ ಲೆಕ್ಕ ಹಾಕಿ ಹೇಳುತ್ತದೆ.

ನಾನು ಬಳಸಿದ್ದು ಅದಕ್ಕಿಂತ ಸರಳವಾದ ದಾರಿ. ಕರ್ನೆಲ್ಲಿಗೆ ಪೂರ್ತಿ ಮಲಗಬೇಡ, ಇಷ್ಟರವರೆಗೆ ಹೋಗಿ ಐದು ಸೆಕೆಂಡು ನಿಂತು ವಾಪಸು ಬಾ ಎಂದು ಹೇಳಬಹುದು. ಪಿಎಂ ಟೆಸ್ಟ್ ಎಂಬ ಸೌಲಭ್ಯ. ಅದರಲ್ಲಿ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲು ಫ್ರೀಜರ್ ಮಾತ್ರ. ಎರಡನೆಯದರಲ್ಲಿ ಸಾಧನಗಳೂ ಸೇರುತ್ತವೆ. ಆಮೇಲೆ ಪ್ಲಾಟ್‌ಫಾರ್ಮ್, ಪ್ರೊಸೆಸರ್‌ಗಳು, ಕೊನೆಗೆ ಕೋರ್. ಯಾವ ಮೆಟ್ಟಿಲಿನಲ್ಲಿ ಜಾರಿದಿರೋ ಅಲ್ಲೇ ಹುಡುಕಬೇಕು.

ಫ್ರೀಜರ್ ದಾಟಿತು. ಸಾಧನಗಳ ಮೆಟ್ಟಿಲಿನಲ್ಲಿ ಪರದೆ ಕಪ್ಪಾಯಿತು. ಎಂದರೆ ಯಾವುದೋ ಡ್ರೈವರ್. ಯಾವುದು? ಅರ್ಧ ಡ್ರೈವರ್‌ಗಳನ್ನು ತೆಗೆದು ನೋಡು, ಸರಿಯಾದರೆ ತಪ್ಪು ತೆಗೆದ ಅರ್ಧದಲ್ಲಿದೆ, ಇಲ್ಲದಿದ್ದರೆ ಉಳಿದ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಅರವತ್ತು ಡ್ರೈವರ್ ಇದ್ದರೂ ಆರು ಸಲದಲ್ಲಿ ಸಿಗುತ್ತದೆ. ನನಗೆ ರಾತ್ರಿ ಹನ್ನೊಂದರಿಂದ ಎರಡು ಗಂಟೆಯವರೆಗೆ ಹಿಡಿಯಿತು. ಪ್ರತಿ ಸಲ ಸಿಕ್ಕಿಬಿದ್ದಾಗಲೂ ಮತ್ತೆ ಆರಿಸಿ ಶುರುಮಾಡಬೇಕಲ್ಲ.

ಸಿಕ್ಕಿದ್ದು ಯುಎಸ್‌ಬಿಗೆ ಚುಚ್ಚಿದ್ದ ಚಿಕ್ಕ ವೈಫೈ ಡಾಂಗಲ್. ಒಳಗಿನ ವೈಫೈ ಕೆಟ್ಟಿದ್ದರಿಂದ ಅಗ್ಗದ್ದು ಕೊಂಡಿದ್ದೆ. ಅದರ ಡ್ರೈವರ್ ಲಿನಕ್ಸ್ ಕರ್ನೆಲ್ಲಿನ ಒಳಗಿನದಲ್ಲ, ಹೊರಗಿನಿಂದ ತಂದು ಸೇರಿಸಿದ್ದು. ಯಾರೋ ಒಮ್ಮೆ ಬರೆದು ಬಿಟ್ಟುಹೋದದ್ದು. ಕರ್ನೆಲ್ಲಿನ ಒಳಗಿರುವ ಡ್ರೈವರ್ ಆದರೆ, ಮಲಗಿಸುವ ಏಳಿಸುವ ಕ್ರಮದಲ್ಲಿ ಬದಲಾವಣೆ ಮಾಡುವವರು ಅದನ್ನೂ ಜೊತೆಗೆ ತಿದ್ದುತ್ತಾರೆ. ಹೊರಗಿನದಕ್ಕೆ ಆ ಭಾಗ್ಯವಿಲ್ಲ. ಸದ್ಯಕ್ಕೆ ಮಲಗುವ ಮೊದಲು ಆ ಡ್ರೈವರನ್ನು ಇಳಿಸಿ, ಎದ್ದ ಮೇಲೆ ಹತ್ತಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದೆ. ಮುಂದಿನ ತಿಂಗಳು, ಕರ್ನೆಲ್ಲಿನ ಒಳಗೇ ಡ್ರೈವರ್ ಇರುವ ಬೇರೆ ಡಾಂಗಲ್ ತಂದೆ. ಇನ್ನೂರು ರೂಪಾಯಿ ಹೆಚ್ಚು ಕೊಟ್ಟೆ.

ಯಾರು ನೋಡಿಕೊಳ್ಳುತ್ತಾರೆ?

ಆ ರಾತ್ರಿ ಕರ್ನೆಲ್ಲಿನ ಜೊತೆಗೆ ಬರುವ ದಸ್ತಾವೇಜುಗಳನ್ನು ಓದುತ್ತಾ ಇದನ್ನೆಲ್ಲ ಬರೆದವರು ಯಾರೆಂದು ನೋಡಿದೆ. ಗಾಬೋರ್ ಕುಟಿ ಎಂಬವರು ಶುರುಮಾಡಿದ ಕೆಲಸವಂತೆ. ಚೆಕ್ ದೇಶದ ಪಾವೆಲ್ ಮಾಖೆಕ್ ಮೊದಲಾದವರು ಬೆಳೆಸಿ 2002ರಲ್ಲಿ ಲಿನಕ್ಸ್ 2.5 ಸರಣಿಗೆ ಸೇರಿಸಿದರು. ಆಮೇಲೆ ಪೋಲೆಂಡಿನ ರಫಾಯೆಲ್ ವಿಸೋಟ್‌ಸ್ಕಿ ಸೇರಿಕೊಂಡು ಇವತ್ತಿಗೂ ಅದರ ಮೇಲ್ವಿಚಾರಕರಾಗಿದ್ದಾರೆ. ನಾನು ಹತ್ತಿದ ಮೆಟ್ಟಿಲುಗಳ ವಿವರಣೆ ಅವರೇ 2007ರಲ್ಲಿ ಬರೆದದ್ದು. ನೈಜೆಲ್ ಕನಿಂಗ್‌ಹ್ಯಾಮ್ ಎಂಬವರು ಟಕ್ಸ್ ಆನ್ ಐಸ್ ಎಂಬ ಬೇರೆಯದೇ, ಬಹಳ ಮಂದಿ ಮೆಚ್ಚಿದ ವಿಧಾನವನ್ನು ಹತ್ತು ವರ್ಷಕ್ಕೂ ಮೀರಿ ಕರ್ನೆಲ್ಲಿನ ಹೊರಗಡೆ ನಡೆಸಿದರು. ಅದು ಕೊನೆಗೂ ಒಳಗೆ ಸೇರಲಿಲ್ಲ.

ಇನ್ನೊಂದು ದಸ್ತಾವೇಜಿನ ತಲೆಯ ಮೇಲೆ ಶ್ರೀವತ್ಸ ಎಸ್. ಭಟ್ ಎಂಬ ಹೆಸರು ಕಂಡಿತು. 2011ರಿಂದ 2014ರವರೆಗಿನದು, ಆಗ ಐಬಿಎಂನಲ್ಲಿದ್ದವರು. ಹೆಸರು ನಮ್ಮ ಕಡೆಯದರಂತೆ ಕಂಡದ್ದಕ್ಕೇ ಮೊದಲು ಅದನ್ನು ಓದಿದೆ ಎಂದು ಒಪ್ಪಿಕೊಳ್ಳುತ್ತೇನೆ. ಒಂದನ್ನು ಬಿಟ್ಟು ಉಳಿದ ಪ್ರೊಸೆಸರ್‌ಗಳನ್ನು ಆರಿಸುತ್ತಾರೆ ಎಂದೆನಲ್ಲ, ಆ ಹಂತದ ಬಗ್ಗೆ ಅದು. ಮಲಗಲು ಸಿದ್ಧತೆ ನಡೆಯುತ್ತಿರುವ ಅದೇ ಹೊತ್ತಿಗೆ ಬೇರೊಬ್ಬರು ಬೇರೆ ಕಾರಣಕ್ಕೆ ಪ್ರೊಸೆಸರ್ ಆರಿಸಲು ಹೊರಟರೆ ಏನಾಗಬೇಕು? ಇಬ್ಬರೂ ಒಂದೇ ಬಾಗಿಲಲ್ಲಿ ನುಗ್ಗಿದರೆ ಸಿಕ್ಕಿಬೀಳುತ್ತಾರೆ. 2011ರಲ್ಲಿ ಅವರು ಅದಕ್ಕೆ ತಿದ್ದುಪಡಿ ಬರೆದು, ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುವಂತೆ ಮಾಡಿದರು. ಸಾವಿರ ಸಲಕ್ಕೊಮ್ಮೆ ಆಗುವಂಥ ತಪ್ಪು ಅದು. ಆದರೆ ಜಗತ್ತಿನಲ್ಲಿ ಎಷ್ಟು ಯಂತ್ರ ಮಲಗುತ್ತವೆ ಎಂದು ಎಣಿಸಿದರೆ, ಸಾವಿರಕ್ಕೊಂದು ಎಂಬುದು ಯಾರದೋ ಮನೆಯ ಎಂಟು ಪುಟ.

ಹೈಬರ್ನೇಶನ್ ಇವತ್ತು ಯಾರಿಗೂ ಅಷ್ಟು ಬೇಡವಾದ ಮಗು. ಉಬುಂಟು 2012ರಿಂದಲೇ ಅದನ್ನು ಮೆನುವಿನಿಂದ ತೆಗೆದಿಟ್ಟಿದೆ, ಬೇಕಾದವರೇ ಹಚ್ಚಿಕೊಳ್ಳಬೇಕು. ಸೆಕ್ಯೂರ್ ಬೂಟ್ ಜೊತೆ ಬರುವ ಲಾಕ್‌ಡೌನ್ ಎಂಬ ರಕ್ಷಣೆ 2019ರಲ್ಲಿ ಕರ್ನೆಲ್ಲಿಗೆ ಸೇರಿತು. ಅದು ಚಾಲೂ ಇದ್ದರೆ ಹೈಬರ್ನೇಶನ್ ನಡೆಯುವುದೇ ಇಲ್ಲ. ಡಿಸ್ಕಿನಲ್ಲಿ ಮಲಗಿರುವ ಫೋಟೊವನ್ನು ಯಾರಾದರೂ ತಿದ್ದಿದರೆ ಎಚ್ಚರಾದ ಕರ್ನೆಲ್ಲಿಗೆ ತಿಳಿಯುವುದಿಲ್ಲ ಎಂಬ ಭಯ, ಅದೂ ನ್ಯಾಯವೇ. ಹಾಗಿದ್ದೂ ಕೆಲಸ ನಿಂತಿಲ್ಲ. 2024ರ 6.9ನೇ ಆವೃತ್ತಿಯಲ್ಲಿ ಫೋಟೊವನ್ನು ಬೇಗ ಕುಗ್ಗಿಸಿ ಬಿಚ್ಚಲು ಎಲ್‌ಜೆಡ್4 ಎಂಬ ವಿಧಾನದ ಆಯ್ಕೆಯೂ ಬಂದಿದೆ.

ಮಲಗಿದಾಗ ಮುಟ್ಟಬಾರದು

ನೀವೂ ಹಚ್ಚಿಕೊಳ್ಳುವುದಾದರೆ ನನ್ನ ಅನುಭವದ ನಾಲ್ಕು ಮಾತು. ಸೆಕ್ಯೂರ್ ಬೂಟ್ ಚಾಲೂ ಇದೆಯೇ ನೋಡಿ. ಸ್ವಾಪ್ ಸಾಕಷ್ಟು ದೊಡ್ಡದಿದೆಯೇ ನೋಡಿ, ರ‍್ಯಾಮಿನಷ್ಟು ಇದ್ದರೆ ತಲೆನೋವಿಲ್ಲ. ಸ್ವಾಪ್ ಮುಟ್ಟಿದರೆ ವಿಳಾಸ ಎರಡೂ ಕಡೆ ತಿದ್ದಿ. ರ‍್ಯಾಮ್, ಡಿಸ್ಕ್, ಕರ್ನೆಲ್, ಡ್ರೈವರ್, ಯಾವುದು ಬದಲಾದರೂ ಮತ್ತೆ ಪರೀಕ್ಷಿಸಿ. ಹಿಂದೆ ಸರಿ ಇತ್ತು ಎಂಬುದು ಇಲ್ಲಿ ಸಾಕ್ಷಿಯಲ್ಲ.

ಎಲ್ಲಕ್ಕಿಂತ ಮುಖ್ಯ, ಮಲಗಿರುವ ವ್ಯವಸ್ಥೆಯ ಡಿಸ್ಕನ್ನು ಬೇರೆ ಯಾರೂ ಮುಟ್ಟಬಾರದು. ಪೆನ್‌ಡ್ರೈವಿನಿಂದ ಇನ್ನೊಂದು ಲಿನಕ್ಸ್ ಶುರುಮಾಡಿ ಆ ಡಿಸ್ಕಿನಲ್ಲಿ ಒಂದು ಫೈಲ್ ಬದಲಿಸಿದಿರಿ ಎನ್ನಿ. ಎಚ್ಚರಾದ ಹಳೆಯ ಕರ್ನೆಲ್ ತಾನು ಬಿಟ್ಟುಹೋದ ಹಾಗೇ ಎಲ್ಲವೂ ಇದೆಯೆಂದು ನಂಬಿ ಅದರ ಮೇಲೆ ಬರೆಯುತ್ತದೆ, ಡಿಸ್ಕಿನ ಲೆಕ್ಕವೇ ಕೆಡುತ್ತದೆ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಕೂಡ ಅರ್ಧ ಹೈಬರ್ನೇಶನ್ನೇ. ಶಟ್‌ಡೌನ್ ಮಾಡಿದೆನೆಂದು ನಂಬಿ ಲಿನಕ್ಸಿನಿಂದ ಅದರ ಡಿಸ್ಕಿಗೆ ಬರೆದು ಕೈಸುಟ್ಟುಕೊಂಡವರು ಬಹಳ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಇಟ್ಟುಕೊಂಡವರು ಅದನ್ನು ಆರಿಸಿಡುವುದು ಒಳ್ಳೆಯದು.

ಇದನ್ನು ಅಪ್ಪನಿಗೆ ವಿವರಿಸುತ್ತಿದ್ದಾಗ ಅವರು ನಕ್ಕರು. ಮುಂಬಯಿಗೆ ಬಂದು ಐದು ವರ್ಷದ ನಂತರ ಮೊದಲ ಸಲ ಊರಿಗೆ ಹೋದಾಗ, ರಾತ್ರಿ ಬಸ್ಸಿಳಿದು, ತಾನು ಬಿಟ್ಟುಹೋದ ಅಂದಾಜಿನಲ್ಲೇ ಗದ್ದೆಯ ಅಂಚಿನ ಕಾಲುದಾರಿಯಲ್ಲಿ ನಡೆದು ತೋಡಿಗೆ ಬಿದ್ದರಂತೆ. ಆ ಅಂಚನ್ನು ಕಡಿದು ಎರಡು ವರ್ಷವಾಗಿತ್ತು. "ಯಾರೂ ಕಾಗದದಲ್ಲಿ ಬರೆದಿರಲಿಲ್ಲ" ಎಂದರು. ಆ ಸಂಗತಿಯೂ ಈಗ ಅವರ ಬರಹದಲ್ಲಿ ಸೇರಿದೆ.

ಬರಹ ಮುನ್ನೂರು ಪುಟ ದಾಟಿದೆ, ಇನ್ನೂ 1982ಕ್ಕೆ ಬಂದಿದೆ ಅಷ್ಟೆ. ಲ್ಯಾಪ್‌ಟಾಪ್ ಅದೇ, ಬ್ಯಾಟರಿ ಹಾಕಿಸಿಲ್ಲ. ಕರ್ನೆಲ್ ಅಪ್‌ಡೇಟ್ ಬಂದ ಭಾನುವಾರ ಮೂರು ಸಲ ಮಲಗಿಸಿ ಎಬ್ಬಿಸಿದ ಮೇಲೆಯೇ ಅಪ್ಪನ ಕೈಗೆ ಕೊಡುತ್ತೇನೆ. ಅವರೀಗ ಫೈಲಿನಲ್ಲೇ ನೇರ ಬರೆಯಲು ಕಲಿತಿದ್ದಾರೆ, ಮಲಗಿಸುವ ಮೊದಲು ತಪ್ಪದೆ ಸೇವ್ ಮಾಡುತ್ತಾರೆ.

"ಇಷ್ಟೆಲ್ಲ ಸರಿಮಾಡಿದ ಮೇಲೂ ನಂಬಿಕೆ ಇಲ್ಲವಾ ಅಪ್ಪ?" ಎಂದು ಕೇಳಿದೆ.

"ನಂಬಿಕೆ ಉಂಟು" ಎಂದರು. "ಆದರೆ ಮೂರನೆಯ ಸಲ ಬರೆಯಲಿಕ್ಕೆ ನನ್ನಿಂದಾಗುವುದಿಲ್ಲ."